ಏರ್ ರೈಫಲ್: ಜೋರು ಎಷ್ಟು, ಸಮ ಎಷ್ಟು

(ದಾವಣಗೆರೆಯಲ್ಲಿ ಶೂಟಿಂಗ್ ಕಲಿಯುವ ಮಕ್ಕಳು ಮತ್ತು ಅವರ ತಂದೆ-ತಾಯಿಯರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಏರ್ ರೈಫಲ್ ಕೈಗೆ ಬಂದ ಮೊದಲ ವಾರದಲ್ಲೇ ಹುಡುಗರು ಕೇಳುವ ಪ್ರಶ್ನೆ ಒಂದಿದೆ. "ಸರ್, ಇದರ ಪವರ್ ಜಾಸ್ತಿ ಮಾಡೋದು ಹೇಗೆ?" ಈ ಪ್ರಶ್ನೆ ಕೇಳಿದವರನ್ನು ನಾನು ಬಯ್ಯುವುದಿಲ್ಲ. ಯಂತ್ರ ಕೈಗೆ ಸಿಕ್ಕರೆ ಅದರ ಒಳಗೆ ಏನಿದೆ, ಯಾವ ಸ್ಕ್ರೂ ತಿರುಗಿಸಿದರೆ ಏನಾಗುತ್ತದೆ ಅಂತ ತಿಳಿಯುವ ಆಸೆ ಒಳ್ಳೆಯದೇ. ಆದರೆ ಆ ಪ್ರಶ್ನೆಯನ್ನು ಸ್ವಲ್ಪ ತಿದ್ದಿಕೊಳ್ಳಿ ಅಂತ ಹೇಳುತ್ತೇನೆ. ಹತ್ತು ಮೀಟರ್ ದೂರದ ಕಾಗದಕ್ಕೆ ತೂತು ಮಾಡಲು ನಿಮ್ಮ ರೈಫಲ್‌ಗೆ ಶಕ್ತಿ ಬೇಕಾದಷ್ಟಿದೆ. ಮೊದಲ ಗುಂಡು ಎಷ್ಟು ವೇಗದಲ್ಲಿ ಹೋಯಿತೋ ಅರವತ್ತನೆಯದೂ ಅಷ್ಟೇ ವೇಗದಲ್ಲಿ ಹೋಗುತ್ತದಾ? ಕೇಳಬೇಕಾದ್ದು ಅದು. ಇವತ್ತು ನಾನು ಹೇಳುವುದೆಲ್ಲ ಈ ಒಂದು ವಿಷಯದ ಸುತ್ತಲೇ.

ಮೊದಲು ಗುರಿಯನ್ನು ನೋಡೋಣ. ಹತ್ತು ಮೀಟರ್ ಏರ್ ರೈಫಲ್ ಟಾರ್ಗೆಟ್‌ನ ಹೊರಗಿನ ವೃತ್ತದ ಅಗಲ 45.5 ಮಿಲಿಮೀಟರ್. ನಡುವಿನ ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ನಮ್ಮ ಪೆಲೆಟ್ಟೇ 4.5 ಮಿಲಿಮೀಟರ್ ದಪ್ಪ. ಅಂದರೆ ಗುಂಡಿಗಿಂತ ಗುರಿ ಚಿಕ್ಕದು. ಈಗ ಅಂಕಗಳನ್ನು ದಶಮಾಂಶದಲ್ಲಿ ಎಣಿಸುತ್ತಾರೆ. ಸರಿಯಾಗಿ ನಡುವೆ ಬಿದ್ದರೆ 10.9. ಅಲ್ಲಿಂದ ಪ್ರತಿ ಕಾಲು ಮಿಲಿಮೀಟರ್ ಸರಿದಾಗಲೂ 0.1 ಅಂಕ ಕಡಿಮೆಯಾಗುತ್ತಾ ಹೋಗುತ್ತದೆ.

ಇದಕ್ಕೂ ವೇಗಕ್ಕೂ ಏನು ಸಂಬಂಧ? ಪೇಪರ್, ಪೆನ್ನು ತಂದವರು ನನ್ನ ಜೊತೆ ಲೆಕ್ಕ ಹಾಕಿ. ಗಾಳಿಯ ತಡೆಯನ್ನು ಸದ್ಯಕ್ಕೆ ಬಿಟ್ಟುಬಿಡೋಣ. ಸೆಕೆಂಡಿಗೆ 175 ಮೀಟರ್ ವೇಗದಲ್ಲಿ ಹೊರಟ ಪೆಲೆಟ್ 10 ಮೀಟರ್ ದಾಟಲು ಸುಮಾರು 0.057 ಸೆಕೆಂಡು ಬೇಕು. ಅಷ್ಟು ಹೊತ್ತಿನಲ್ಲಿ ಭೂಮಿ ಅದನ್ನು 16 ಮಿಲಿಮೀಟರ್ ಕೆಳಗೆ ಎಳೆದಿರುತ್ತದೆ. ಅದೇ ಪೆಲೆಟ್ 170 ಮೀಟರ್ ವೇಗದಲ್ಲಿ ಹೊರಟರೆ? ಸುಮಾರು 17 ಮಿಲಿಮೀಟರ್ ಇಳಿಯುತ್ತದೆ. ವ್ಯತ್ಯಾಸ ಒಂದು ಮಿಲಿಮೀಟರ್. ಅಂಕದಲ್ಲಿ 0.4.

ಹದಿನಾರು ಮಿಲಿಮೀಟರ್ ಇಳಿಯುವುದು ತೊಂದರೆಯೇ ಅಲ್ಲ. ಹಿಂದಿನ ಸೈಟನ್ನು, ಅಂದರೆ ಗುರಿ ನೋಡುವ ಸಾಧನವನ್ನು, ತಿರುಗಿಸಿ ಹೊಂದಿಸಿದರೆ ಅದು ಮುಗಿದ ಮಾತು. ತೊಂದರೆ ಇರುವುದು ಒಂದು ಸಲ 16, ಇನ್ನೊಂದು ಸಲ 17 ಆಗುವುದರಲ್ಲಿ. ಅದನ್ನು ಯಾವ ಸೈಟೂ ಸರಿ ಮಾಡುವುದಿಲ್ಲ. ಹುಡುಗಿ ಉಸಿರು ಸರಿಯಾಗಿ ಹಿಡಿದಿದ್ದಾಳೆ, ಟ್ರಿಗರ್ ಮೆತ್ತಗೆ ಎಳೆದಿದ್ದಾಳೆ, ಆದರೂ ಗುಂಡು ಕೆಳಗೆ ಬಿತ್ತು. ಅವಳು ತನ್ನದೇ ತಪ್ಪು ಅಂದುಕೊಂಡು ನಿಲ್ಲುವ ಭಂಗಿ ಬದಲಿಸುತ್ತಾಳೆ. ಅಲ್ಲಿಂದ ಕೆಡುತ್ತಾ ಹೋಗುತ್ತದೆ. ಇದನ್ನು ನೋಡಿದಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

0.4 ಅಂದರೆ ಏನು ಮಹಾ ಅನ್ನಬೇಡಿ. 2008ರ ಬೀಜಿಂಗ್ ಒಲಿಂಪಿಕ್ಸ್ ನೆನಪಿಸಿಕೊಳ್ಳಿ. ಅಭಿನವ್ ಬಿಂದ್ರಾ ಇದೇ 10 ಮೀಟರ್ ಏರ್ ರೈಫಲ್‌ನಲ್ಲಿ ಚಿನ್ನ ಗೆದ್ದರು. ಅವರ ಒಟ್ಟು ಅಂಕ 700.5. ಬೆಳ್ಳಿ ಗೆದ್ದ ಚೀನಾದ ಝು ಕಿನಾನ್ ಅವರದು 699.7. ಅಂತರ 0.8. ಮಿಲಿಮೀಟರ್ ಲೆಕ್ಕದಲ್ಲಿ ಎರಡು. ಕೊನೆಯ ಗುಂಡಿಗೆ ಮೊದಲು ಬಿಂದ್ರಾ ಮತ್ತು ಫಿನ್ಲೆಂಡ್‌ನ ಹೆನ್ರಿ ಹಾಕ್ಕಿನೆನ್ ಸಮಸಮ ಇದ್ದರು. ಬಿಂದ್ರಾ 10.8 ಹೊಡೆದರು, ಹಾಕ್ಕಿನೆನ್ 9.7. ಹಾಕ್ಕಿನೆನ್ ಕಂಚಿಗೆ ಇಳಿದರು. ಇಂಥ ಕಡೆ ಬಂದೂಕೇ ಒಂದು ಮಿಲಿಮೀಟರ್ ಆಚೀಚೆ ಆಡುತ್ತಿದ್ದರೆ ಮನುಷ್ಯ ಎಷ್ಟು ಚೆನ್ನಾಗಿ ಹೊಡೆದರೂ ಏನು ಪ್ರಯೋಜನ, ಅಲ್ವಾ?

ಫೈನ್‌ವರ್ಕ್‌ಬೌ, ವಾಲ್ಥರ್, ಆನ್‌ಶುಟ್ಜ್, ಸ್ಟೈಯರ್ ಇವೆಲ್ಲ ದೊಡ್ಡ ಹೆಸರುಗಳು. ಅವರ ಸ್ಪರ್ಧಾ ರೈಫಲ್‌ಗಳ ವೇಗ ಸೆಕೆಂಡಿಗೆ ಸುಮಾರು 170–175 ಮೀಟರ್ ಅಷ್ಟೇ. ಅದಕ್ಕಿಂತ ಕಡಿಮೆ ಬೆಲೆಯ ಎಷ್ಟೋ ಏರ್ ಗನ್‌ಗಳು ಇವಕ್ಕಿಂತ ಜೋರಾಗಿ ಹೊಡೆಯುತ್ತವೆ. ಜೋರು ಮಾಡಲು ಬಾರದೆ ಅವರು ಸುಮ್ಮನಿದ್ದಾರೆ ಅಂದುಕೊಂಡಿರಾ? ಗಾಳಿ ಜಾಸ್ತಿ ಬಿಟ್ಟಷ್ಟೂ ರೈಫಲ್ ಜಾಸ್ತಿ ಅಲುಗುತ್ತದೆ. ಹತ್ತು ಮೀಟರ್‌ಗೆ ಆ ಜೋರಿನಿಂದ ಲಾಭವೇನೂ ಇಲ್ಲ.

ಈಗ ಶಕ್ತಿಯ ಲೆಕ್ಕ. ಸೂತ್ರ ನಿಮ್ಮ ಹೈಸ್ಕೂಲ್ ಪುಸ್ತಕದ್ದೇ. ತೂಕದ ಅರ್ಧ, ಗುಣಿಸು ವೇಗದ ವರ್ಗ. ರೈಫಲ್‌ಗೆ ಬಳಸುವ ಸ್ಪರ್ಧಾ ಪೆಲೆಟ್ಟಿನ ತೂಕ ಸಾಮಾನ್ಯವಾಗಿ 0.53 ಗ್ರಾಂ. ಅದು 170 ಮೀಟರ್ ವೇಗದಲ್ಲಿ ಹೋದರೆ ಶಕ್ತಿ ಸುಮಾರು 7.7 ಜೂಲ್. ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟಾಗುತ್ತದೆ. ವೇಗ ಶೇಕಡಾ 10ರಷ್ಟು ಏರಿದರೂ ಶಕ್ತಿ ಶೇಕಡಾ 21ರಷ್ಟು ಏರಿರುತ್ತದೆ. ಇದು ಯಾಕೆ ಮುಖ್ಯ ಅಂದರೆ ನಮ್ಮ ದೇಶದ ಕಾನೂನು ಗೆರೆ ಎಳೆದಿರುವುದು ಶಕ್ತಿಯ ಮೇಲೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಏರ್ ಗನ್ನಿನ ಶಕ್ತಿ 20 ಜೂಲ್ ದಾಟಿದರೆ, ಅಥವಾ ನಳಿಕೆಯ ಅಳತೆ 4.5 ಮಿಲಿಮೀಟರ್ ದಾಟಿದರೆ, ಲೈಸೆನ್ಸ್ ಬೇಕು. ಬ್ರಿಟನ್‌ನಲ್ಲಿ ಈ ಗೆರೆ ಇನ್ನೂ ಕೆಳಗಿದೆ, ಸುಮಾರು 16 ಜೂಲ್. ಜರ್ಮನಿಯಲ್ಲಿ 7.5 ಜೂಲ್. ಸ್ಪ್ರಿಂಗ್ ಬದಲಿಸಿ, ವಾಲ್ವ್ ಬದಲಿಸಿ ಪವರ್ ಏರಿಸುತ್ತಾ ಹೋದವರು ಗೊತ್ತಿಲ್ಲದೆಯೇ ಆ 20 ಜೂಲ್ ದಾಟಿಬಿಡಬಹುದು. ಆಮೇಲೆ ಮನೆಯಲ್ಲಿರುವುದು ಆಟದ ಸಾಮಾನಲ್ಲ, ಲೈಸೆನ್ಸ್ ಇಲ್ಲದ ಆಯುಧ. ತಂದೆ-ತಾಯಿಯರು ಈ ಮಾತನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ.

ಅಂದಹಾಗೆ, ಡಬ್ಬದ ಮೇಲೆ "1000 ಎಫ್‌ಪಿಎಸ್" ಅಂತ ದೊಡ್ಡದಾಗಿ ಬರೆದಿರುತ್ತಾರೆ. ಅಂದರೆ ಸೆಕೆಂಡಿಗೆ ಸಾವಿರ ಅಡಿ, ಸುಮಾರು 305 ಮೀಟರ್. ಆ ಅಂಕಿಯನ್ನು ಸಾಮಾನ್ಯವಾಗಿ ತುಂಬಾ ಹಗುರವಾದ ಪೆಲೆಟ್ ಹಾಕಿ ಪಡೆದಿರುತ್ತಾರೆ. ಪೆಲೆಟ್ಟಿನ ತೂಕ ಹೇಳದೆ ಬರೀ ವೇಗ ಹೇಳಿದರೆ ಅದನ್ನು ನಂಬಿ ದುಡ್ಡು ಕೊಡಬೇಡಿ.

ಇನ್ನು ಬಂದೂಕಿನ ಒಳಗೆ ಹೋಗೋಣ. ನಿಮ್ಮಲ್ಲಿ ಬಹಳ ಜನ ಮೊದಲು ಹಿಡಿದ ಏರ್ ಗನ್ ಯಾವುದು? ಜಾತ್ರೆಯದು. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆಯಲ್ಲೋ, ಇಲ್ಲಿ ದುಗ್ಗಮ್ಮನ ಜಾತ್ರೆಯಲ್ಲೋ ಬಲೂನು ಒಡೆದಿರುತ್ತೀರಿ. ನಳಿಕೆಯನ್ನು ಮಧ್ಯಕ್ಕೆ ಮಡಚಿ, ಪೆಲೆಟ್ ಇಟ್ಟು, ಮತ್ತೆ ನೆಟ್ಟಗೆ ಮಾಡಿ ಹೊಡೆಯುವ ಬಂದೂಕು. ನಳಿಕೆ ಮಡಚಿದಾಗ ಒಳಗಿನ ದಪ್ಪ ಸ್ಪ್ರಿಂಗ್ ಕುಗ್ಗಿ ಕೂರುತ್ತದೆ. ಟ್ರಿಗರ್ ಎಳೆದರೆ ಸ್ಪ್ರಿಂಗ್ ಪಿಸ್ಟನ್ನನ್ನು ಮುಂದಕ್ಕೆ ತಳ್ಳುತ್ತದೆ. ಪಿಸ್ಟನ್ ಮುಂದಿರುವ ಗಾಳಿ ಒತ್ತಿ ಒತ್ತಿ, ಒಂದು ಸಣ್ಣ ತೂತಿನಿಂದ ಹೊರಬಂದು ಪೆಲೆಟ್ಟನ್ನು ದೂಡುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುತ್ತದಲ್ಲ, ಇಲ್ಲೂ ಹಾಗೇ, ಆದರೆ ಕಣ್ಣು ಮಿಟುಕಿಸುವಷ್ಟರಲ್ಲಿ, ಅದಕ್ಕಿಂತ ಎಷ್ಟೋ ಪಟ್ಟು ಬಿಸಿ.

ಜಾತ್ರೆಯ ಬಂದೂಕಿನಲ್ಲಿ ಬಲೂನು ತಪ್ಪಿದರೆ "ನಳಿಕೆ ಸೊಟ್ಟ ಮಾಡಿದ್ದಾರೆ" ಅಂತ ಅಂಗಡಿಯವನನ್ನು ಬಯ್ಯುತ್ತೇವೆ. ಆದರೆ ಅದರ ಒಳಗೆ ನೋಡಿದರೆ ಬೇರೆ ಕಥೆ ಇರುತ್ತದೆ. ವರ್ಷಗಟ್ಟಲೆ ಕುಗ್ಗಿ ಕುಗ್ಗಿ ಸ್ಪ್ರಿಂಗ್ ಸೋತಿರುತ್ತದೆ. ಒಂದೆರಡು ಸುತ್ತು ಬಾಗಿಯೂ ಇರಬಹುದು. ಪಿಸ್ಟನ್ ತುದಿಯ ಚರ್ಮದ ವಾಷರ್ ಒಣಗಿ ಅಂಚು ಹರಿದಿರುತ್ತದೆ. ನಳಿಕೆ ಕೂರುವ ಜಾಗದ ರಬ್ಬರ್ ರಿಂಗ್ ಚಪ್ಪಟೆಯಾಗಿ ಗಾಳಿ ಅಲ್ಲೇ ಸೋರುತ್ತದೆ. ಆ ಜಾಗಕ್ಕೆ ತೆಳುವಾದ ಟಿಶ್ಯೂ ಪೇಪರಿನ ಚೂರು ಹಿಡಿದು ಹೊಡೆದರೆ ಚೂರು ಪಟಕ್ಕನೆ ಹಾರುತ್ತದೆ. ಸೋರುವುದು ಅಲ್ಲೇ ಗೊತ್ತಾಗುತ್ತದೆ. ವೇಗ ಕಡಿಮೆ ಆಗಿದೆ ಅಂತ ಬಂದವರಿಗೆ ನಾನು ಮೊದಲು ಹೇಳುವುದು ಈ ವಾಷರ್, ಈ ರಿಂಗ್ ನೋಡಿ ಅಂತ. ಎಷ್ಟೋ ಸಲ ಹೊಸ ಸ್ಪ್ರಿಂಗ್ ಬೇಕಾಗಿಯೇ ಇರುವುದಿಲ್ಲ.

ಇನ್ನೂ ಗಟ್ಟಿ ಸ್ಪ್ರಿಂಗ್ ಹಾಕಿದರೆ ವೇಗ ಅದೇ ಲೆಕ್ಕದಲ್ಲಿ ಏರುವುದಿಲ್ಲ ಅನ್ನುವುದು ಬಹಳ ಜನರಿಗೆ ಗೊತ್ತಿಲ್ಲ. ಸಿಲಿಂಡರ್‌ನಲ್ಲಿ ಹಿಡಿಯುವ ಗಾಳಿ ಅಷ್ಟೇ, ಪಿಸ್ಟನ್ ಓಡುವ ದೂರವೂ ಅಷ್ಟೇ. ಸ್ಪ್ರಿಂಗ್ ಅತಿಯಾದರೆ ಪಿಸ್ಟನ್ ಮುಂದಿನ ಗಾಳಿಗೆ ಬಡಿದು ವಾಪಸ್ ಪುಟಿಯುತ್ತದೆ. ಜರ್ಕ್ ಜಾಸ್ತಿ, ವಾಷರ್‌ಗೆ ಪೆಟ್ಟು ಜಾಸ್ತಿ, ಗುರಿ ಕೆಡುತ್ತದೆ. ಸ್ಪ್ರಿಂಗ್ ಬಂದೂಕನ್ನು ಮನೆಯಲ್ಲಿ ಬಿಚ್ಚಲೂಬೇಡಿ. ಕುಗ್ಗಿ ಕೂತ ಸ್ಪ್ರಿಂಗ್ ಬಿಟ್ಟುಕೊಂಡರೆ ನೇರ ಮುಖಕ್ಕೆ. ಅದಕ್ಕೆ ಹಿಡಿದು ನಿಲ್ಲಿಸುವ ಕ್ಲ್ಯಾಂಪ್ ಇರುವ ಮೆಕ್ಯಾನಿಕ್ ಹತ್ತಿರ ಕೊಡಿ. ಪೆಲೆಟ್ ಇಲ್ಲದೆ ಸುಮ್ನೆ ಟ್ರಿಗರ್ ಎಳೆಯುವ ಚಟವೂ ಬೇಡ. ಮುಂದೆ ತಡೆಯುವ ಪೆಲೆಟ್ ಇಲ್ಲದಿದ್ದರೆ ಪಿಸ್ಟನ್ ಪೂರ್ತಿ ಜೋರಿನಲ್ಲಿ ಹೋಗಿ ಲೋಹಕ್ಕೆ ಬಡಿಯುತ್ತದೆ.

ಇಲ್ಲಿ ಆಯುಧಪೂಜೆಯ ಮಾತು ಹೇಳಲೇಬೇಕು. ನಮ್ಮ ಕಡೆ ಆ ದಿನ ಗಾಡಿ, ಮಷಿನ್ನು, ಕುಡುಗೋಲು ಎಲ್ಲವನ್ನೂ ಒರೆಸಿ ಎಣ್ಣೆ ಹಚ್ಚಿ ಕುಂಕುಮ ಇಡುತ್ತೇವೆ. ಏರ್ ಗನ್ನನ್ನೂ ಇಡುತ್ತೇವೆ. ಇಡಿ, ಸಂತೋಷ. ಆದರೆ ಪ್ರೀತಿಯಿಂದ ನಳಿಕೆಯ ಬುಡದ ತೂತಿಗೆ ನಾಲ್ಕು ಹನಿ ಎಣ್ಣೆ ಬಿಡಬೇಡಿ. ಶೇಂಗಾ ಎಣ್ಣೆಯಾದರೂ ಅಷ್ಟೇ, ಮಷಿನ್ ಎಣ್ಣೆಯಾದರೂ ಅಷ್ಟೇ. ಒಳಗಿನ ಗಾಳಿ ಒತ್ತಡಕ್ಕೆ ಅಷ್ಟು ಬಿಸಿಯಾಗುತ್ತದೆ ಅಂದೆನಲ್ಲ, ಆ ಬಿಸಿಗೆ ಎಣ್ಣೆ ಹೊತ್ತಿಕೊಳ್ಳುತ್ತದೆ. ಡೀಸೆಲ್ ಇಂಜಿನ್ ಓಡುವುದೂ ಹೀಗೆಯೇ, ಅದಕ್ಕೇ ಇದಕ್ಕೆ ಡೀಸೆಲಿಂಗ್ ಅನ್ನುತ್ತಾರೆ. ಢಂ ಅಂತ ಸದ್ದು, ನಳಿಕೆಯ ತುದಿಯಲ್ಲಿ ಹೊಗೆ, ಸುಟ್ಟ ವಾಸನೆ. ಹುಡುಗರಿಗೆ ಖುಷಿ, "ಪವರ್ ಬಂತು" ಅಂತ. ಒಳಗೆ ವಾಷರ್ ಸುಡುತ್ತಿರುತ್ತದೆ, ಸ್ಪ್ರಿಂಗ್‌ಗೆ ಮುಂದಿನಿಂದ ಪೆಟ್ಟು ಬೀಳುತ್ತಿರುತ್ತದೆ. ಆ ಎಣ್ಣೆ ಪೂರ್ತಿ ಉರಿದು ಹೋಗುವ ತನಕ ಒಂದು ಗುಂಡಿನ ವೇಗ ಇನ್ನೊಂದಕ್ಕೆ ಹೊಂದುವುದಿಲ್ಲ. ಹೊರಗಿನ ಲೋಹಕ್ಕೆ ಎಣ್ಣೆ ಬಟ್ಟೆಯಲ್ಲಿ ಒಮ್ಮೆ ಒರೆಸಿದರೆ ಸಾಕು.

ಈಗ ಸ್ಪರ್ಧೆಯ ರೈಫಲ್. ಇದನ್ನು ಪಿಸಿಪಿ ಅನ್ನುತ್ತೇವೆ. ಸಿಲಿಂಡರ್‌ನಲ್ಲಿ ಮೊದಲೇ ಗಾಳಿ ತುಂಬಿಟ್ಟಿರುತ್ತದೆ, ಸಾಮಾನ್ಯವಾಗಿ 200 ಬಾರ್ ತನಕ (ಬಾರ್ ಅಂದರೆ ಒತ್ತಡದ ಅಳತೆ). ಈ ಉಪಾಯ ಹೊಸದೇನಲ್ಲ. ಸುಮಾರು 1780ರಲ್ಲೇ ಆಸ್ಟ್ರಿಯಾ ಸೇನೆ ಜಿರಾರ್ಡೋನಿ ಅನ್ನುವವರು ಮಾಡಿದ ಗಾಳಿ ಬಂದೂಕನ್ನು ಬಳಸಿತ್ತು. ಅದರ ಹಿಂಬದಿಯೇ ಗಾಳಿಯ ಡಬ್ಬ. ಕೈಪಂಪಿನಿಂದ ತುಂಬಬೇಕಿತ್ತು. ಅದರ ದೊಡ್ಡ ತೊಡಕು ಏನೆಂದರೆ ಹೊಡೆಯುತ್ತಾ ಹೋದಂತೆ ಡಬ್ಬದ ಒತ್ತಡ ಇಳಿದು ಗುಂಡಿನ ವೇಗವೂ ಇಳಿಯುತ್ತಿತ್ತು. ಈಗಿನ ರೈಫಲ್‌ನಲ್ಲಿ ಆ ತೊಡಕನ್ನು ನೀಗಿಸುವುದು ರೆಗ್ಯುಲೇಟರ್. ಸಿಲಿಂಡರ್‌ನಲ್ಲಿ 200 ಇರಲಿ, 120 ಇರಲಿ, ರೆಗ್ಯುಲೇಟರ್ ಮುಂದಿನ ಕೋಣೆಗೆ ಒಂದೇ ಒತ್ತಡದ ಗಾಳಿ ಬಿಡುತ್ತದೆ. ಟ್ರಿಗರ್ ಎಳೆದಾಗ ಹ್ಯಾಮರ್ ಹೋಗಿ ವಾಲ್ವ್‌ಗೆ ಹೊಡೆಯುತ್ತದೆ. ವಾಲ್ವ್ ಕ್ಷಣಕಾಲ ತೆರೆದು ಮುಚ್ಚುತ್ತದೆ. ಎಷ್ಟು ಹೊತ್ತು ತೆರೆದಿತ್ತು, ಎಷ್ಟು ಒತ್ತಡ ಇತ್ತು, ಈ ಎರಡರಿಂದ ವೇಗ ತೀರ್ಮಾನವಾಗುತ್ತದೆ. ಹಾಗಾಗಿ ಹೊಂದಿಸುವ ಜಾಗಗಳೂ ಎರಡು: ರೆಗ್ಯುಲೇಟರ್ ಮತ್ತು ಹ್ಯಾಮರ್‌ನ ಸ್ಪ್ರಿಂಗ್.

ರೆಗ್ಯುಲೇಟರ್‌ಗೆ ನೀವು ಕೈ ಹಾಕಬೇಡಿ. ಒತ್ತಡ ಪೂರ್ತಿ ಇಳಿಸದೆ ಅದನ್ನು ಬಿಚ್ಚಿದರೆ ಜೀವಕ್ಕೇ ಅಪಾಯ. ಹ್ಯಾಮರ್ ಸ್ಪ್ರಿಂಗ್‌ನ ಸ್ಕ್ರೂ ಬಹಳಷ್ಟು ಸ್ಪರ್ಧಾ ರೈಫಲ್‌ಗಳಲ್ಲಿ ಹೊರಗಿನಿಂದಲೇ ಅಲೆನ್ ಕೀಗೆ ಸಿಗುತ್ತದೆ. ಇದನ್ನು ಹೊಂದಿಸುವ ರೀತಿಯನ್ನು ನಿಧಾನವಾಗಿ ಹೇಳುತ್ತೇನೆ, ಕೋಚ್ ಜೊತೆಗಿದ್ದಾಗ ಮಾಡಿ.

ಮೊದಲು ಬೇಕಾದ್ದು ಕ್ರೋನೋಗ್ರಾಫ್, ಅಂದರೆ ಗುಂಡಿನ ವೇಗ ಅಳೆಯುವ ಯಂತ್ರ. ಅದಿಲ್ಲದೆ ಸ್ಕ್ರೂ ಮುಟ್ಟಬಾರದು. ಕಿವಿಗೆ ಜೋರಾಗಿ ಕೇಳಿಸಿದ್ದು ನಿಜಕ್ಕೂ ವೇಗವಾಗಿ ಹೋಗಿದೆ ಅಂತ ಏನಿಲ್ಲ. ಕ್ರೋನೋಗ್ರಾಫ್‌ನಲ್ಲಿ ಬೆಳಕು ಗುರುತಿಸುವ ಎರಡು ಕಣ್ಣುಗಳಿರುತ್ತವೆ. ಎರಡರ ನಡುವೆ 30 ಸೆಂಟಿಮೀಟರ್ ಇದ್ದರೆ, 175 ಮೀಟರ್ ವೇಗದ ಪೆಲೆಟ್ ಅದನ್ನು 1.7 ಮಿಲಿಸೆಕೆಂಡಿನಲ್ಲಿ ದಾಟುತ್ತದೆ. ಆ ಹೊತ್ತನ್ನು ಅಳೆದು ವೇಗ ಹೇಳುತ್ತದೆ. ಒಂದು ಎಚ್ಚರಿಕೆ: ಹಳೆಯ ಟ್ಯೂಬ್‌ಲೈಟ್ ಕೆಳಗೆ ಇಂಥ ಕ್ರೋನೋಗ್ರಾಫ್ ಇಟ್ಟರೆ ಹುಚ್ಚು ಅಂಕಿ ಬರುತ್ತದೆ. ನಮ್ಮ ಕರೆಂಟಿಗೆ ಆ ದೀಪ ಸೆಕೆಂಡಿಗೆ ನೂರು ಸಲ ಮಿಣುಕುತ್ತದೆ, ಕಣ್ಣಿಗೆ ಕಾಣುವುದಿಲ್ಲ, ಯಂತ್ರಕ್ಕೆ ಕಾಣುತ್ತದೆ. ಬೇರೆ ದೀಪ ಹಾಕಿಕೊಳ್ಳಿ.

ಒಂದೇ ಡಬ್ಬದ ಪೆಲೆಟ್ ತೆಗೆದುಕೊಳ್ಳಿ. ಸಣ್ಣ ತಕ್ಕಡಿಯಲ್ಲಿ ತೂಗಿ, ತಲೆ ಅಥವಾ ಸ್ಕರ್ಟ್ (ಪೆಲೆಟ್ಟಿನ ಹಿಂಬದಿಯ ಅಂಚು) ಜಜ್ಜಿದ್ದನ್ನು ಪಕ್ಕಕ್ಕಿಡಿ. ಹತ್ತು ಗುಂಡು ಹೊಡೆದು ಪ್ರತಿಯೊಂದರ ವೇಗ ಬರೆದುಕೊಳ್ಳಿ. ಸರಾಸರಿಗಿಂತ ಮುಖ್ಯವಾಗಿ ನೋಡಬೇಕಾದ್ದು ಅತಿ ಹೆಚ್ಚು ಮತ್ತು ಅತಿ ಕಡಿಮೆ ವೇಗದ ನಡುವಿನ ಅಂತರ. ಅದು ಎರಡು ಮೂರು ಮೀಟರ್ ಒಳಗಿದ್ದರೆ, ರೈಫಲ್ ಮುಟ್ಟಬೇಡಿ, ಅಲೆನ್ ಕೀ ಪೆಟ್ಟಿಗೆಗೆ ಹಾಕಿ. ನಾನು ಇದನ್ನು ತಮಾಷೆಗೆ ಹೇಳುತ್ತಿಲ್ಲ. ಸರಿಯಿರುವ ರೈಫಲ್ ಕೆಡುವುದು ಇಂಥ ಹೊತ್ತಿನಲ್ಲೇ.

ಅಂತರ ಜಾಸ್ತಿ ಇದ್ದರೆ, ಸ್ಕ್ರೂ ಈಗ ಎಲ್ಲಿದೆ ಅಂತ ಗುರುತು ಮಾಡಿಕೊಂಡು ಎಂಟನೇ ಒಂದು ಸುತ್ತು ಮಾತ್ರ ತಿರುಗಿಸಿ. ಮತ್ತೆ ಹತ್ತು ಗುಂಡು, ಮತ್ತೆ ಬರೆದುಕೊಳ್ಳಿ. ಬಿಗಿ ಮಾಡುತ್ತಾ ಹೋದಂತೆ ವೇಗ ಏರುತ್ತದೆ, ಒಂದು ಹಂತದಲ್ಲಿ ಏರುವುದು ನಿಲ್ಲುತ್ತದೆ. ಅದರ ನಂತರ ಬಿಗಿ ಮಾಡಿದಷ್ಟೂ ಗಾಳಿ ದಂಡ, ಸದ್ದು ಜಾಸ್ತಿ, ವೇಗ ಅಷ್ಟೇ. ಆ ಹಂತದಿಂದ ಸ್ವಲ್ಪ ಸಡಿಲ ಮಾಡಿ, ವೇಗ ಶೇಕಡಾ ಮೂರರಿಂದ ಐದರಷ್ಟು ಇಳಿಯುವ ಕಡೆ ನಿಲ್ಲಿಸಿ. ಅಲ್ಲಿ ರೈಫಲ್ ತನ್ನಷ್ಟಕ್ಕೆ ತಾನೇ ಸರಿದೂಗಿಸಿಕೊಳ್ಳುತ್ತದೆ. ರೆಗ್ಯುಲೇಟರ್ ಒತ್ತಡ ಕೊಂಚ ಏರಿತು ಅಂದುಕೊಳ್ಳಿ. ಆಗ ವಾಲ್ವ್ ತೆರೆಯುವುದು ಕಷ್ಟವಾಗಿ ಬೇಗ ಮುಚ್ಚುತ್ತದೆ. ಒತ್ತಡ ಜಾಸ್ತಿ, ತೆರೆದ ಹೊತ್ತು ಕಡಿಮೆ, ವೇಗ ಹೆಚ್ಚು ಕಡಿಮೆ ಅದೇ. ಸ್ಕ್ರೂ ಅತಿ ಬಿಗಿ ಇದ್ದರೆ ಈ ಗುಣ ಹೋಗಿಬಿಡುತ್ತದೆ. ಇದನ್ನು ನೀವೇ ಗ್ರಾಫ್ ಹಾಳೆಯಲ್ಲಿ ಬರೆದು ನೋಡಿ. ಗೆರೆ ಏರಿ, ಬಾಗಿ, ಮಟ್ಟಸವಾಗುವುದನ್ನು ನೋಡುವುದೇ ಒಂದು ಸಂತೋಷ.

ಸ್ಕ್ರೂನಿಂದ ಸರಿಹೋಗದ ದೋಷವೂ ಇದೆ. ಹತ್ತು ನಿಮಿಷ ಬಿಟ್ಟು ಹೊಡೆದ ಮೊದಲ ಗುಂಡು ಮಾತ್ರ ಬೇರೆ ವೇಗದಲ್ಲಿ ಹೋಗುತ್ತದೆ, ಉಳಿದವು ಸರಿ ಇರುತ್ತವೆ. ಹಾಗಾದರೆ ರೆಗ್ಯುಲೇಟರ್ ಒಳಗೆ ಗಾಳಿ ನಿಧಾನವಾಗಿ ನುಸುಳಿ ಒತ್ತಡ ಏರುತ್ತಿದೆ ಅಂತ ಅರ್ಥ. ಅದರ ಸೀಲು ಬದಲಿಸಬೇಕು. ಸರ್ವಿಸ್‌ಗೆ ಕಳಿಸಿ.

ನಮ್ಮ ಊರಿನ ಬಿಸಿಲಿನ ವಿಷಯ. ಏಪ್ರಿಲ್‌ನಲ್ಲಿ ಕಾರನ್ನು ಬಿಸಿಲಲ್ಲಿ ನಿಲ್ಲಿಸಿ ಊಟಕ್ಕೆ ಹೋಗುತ್ತೀರಿ. ಡಿಕ್ಕಿಯಲ್ಲಿ ರೈಫಲ್. 25 ಡಿಗ್ರಿಯಲ್ಲಿ 200 ಬಾರ್ ತುಂಬಿದ ಸಿಲಿಂಡರ್ 60 ಡಿಗ್ರಿಗೆ ಕಾದರೆ ಒತ್ತಡ ಸುಮಾರು 223 ಬಾರ್ ಆಗಿರುತ್ತದೆ. ಬಿಸಿಲಲ್ಲಿ ಬಿಡಲೇಬೇಡಿ. ಕೆಲವರ ಹತ್ತಿರ ಕಾರ್ಬನ್ ಡೈಆಕ್ಸೈಡ್ ತುಂಬುವ ಪಿಸ್ತೂಲು, ರೈಫಲ್ ಇವೆ. ಅವುಗಳಿಗೆ ನಮ್ಮ ಹವೆಯೇ ಶತ್ರು. ಆ ಅನಿಲದ ಒತ್ತಡ 20 ಡಿಗ್ರಿಯಲ್ಲಿ ಸುಮಾರು 57 ಬಾರ್, 30 ಡಿಗ್ರಿಯಲ್ಲಿ ಸುಮಾರು 72. ಬೆಳಿಗ್ಗೆ ಹೊಂದಿಸಿದ ಸೈಟ್ ಮಧ್ಯಾಹ್ನಕ್ಕೆ ಹೊಂದುವುದಿಲ್ಲ. ಸ್ಪರ್ಧೆಯಲ್ಲಿ ಎಲ್ಲರೂ ಬರೀ ಗಾಳಿಗೆ ಬದಲಾಗಿದ್ದಕ್ಕೆ ಇದೇ ದೊಡ್ಡ ಕಾರಣ.

ಗಾಳಿ ತುಂಬುವಾಗ ನಿಧಾನ ಇರಲಿ. ಬೇಗ ತುಂಬಿದರೆ ಸಿಲಿಂಡರ್ ಬಿಸಿಯಾಗಿ ಗೇಜ್ 200 ತೋರಿಸುತ್ತದೆ, ತಣ್ಣಗಾದ ಮೇಲೆ ಇಳಿದಿರುತ್ತದೆ. ಒಣ, ಸೋಸಿದ ಗಾಳಿಯನ್ನೇ ತುಂಬಿ. ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ಸಿಲಿಂಡರ್‌ನಿಂದ ಯಾವ ಕಾರಣಕ್ಕೂ ತುಂಬಬೇಡಿ. ಒಳಗಿನ ಗ್ರೀಸಿಗೆ ಅಷ್ಟು ಒತ್ತಡದ ಆಕ್ಸಿಜನ್ ಸೋಕಿದರೆ ಸ್ಫೋಟವಾಗುತ್ತದೆ.

ಇನ್ನು ಪ್ರಶ್ನೆಗಳು.

ಹರಪನಹಳ್ಳಿ ಕಡೆಯ ರೈತರೊಬ್ಬರು ಕೇಳಿದರು: "ಮೆಕ್ಕೆಜೋಳಕ್ಕೆ ಹಕ್ಕಿ ಕಾಟ ತಡೆಯೋಕಾಗಲ್ಲ. ಪವರ್ ಜಾಸ್ತಿ ಇರೋ ಏರ್ ಗನ್ ತಗೊಳ್ಳಬಹುದಾ?" ಅವರ ಕಷ್ಟ ನನಗೆ ಅರ್ಥವಾಗುತ್ತದೆ. ತೆನೆ ಕಟ್ಟುವ ಹೊತ್ತಿಗೆ ಗಿಳಿ, ನವಿಲು ಹೊಲಕ್ಕೆ ಇಳಿದರೆ ಕಣ್ಣೆದುರೇ ಬೆಳೆ ಹೋಗುತ್ತದೆ. ಆದರೂ ಉತ್ತರ ಬೇಡ ಅಂತಲೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇವುಗಳನ್ನು ಹೊಡೆಯುವುದು ಅಪರಾಧ. ಬಂದೂಕು ಲೈಸೆನ್ಸ್ ಬೇಡದ್ದು ಅನ್ನುವುದು ಅಲ್ಲಿ ನೆಪವಾಗುವುದಿಲ್ಲ. ಗಾಯಗೊಂಡ ಹಕ್ಕಿ ಮುಳ್ಳುಬೇಲಿಯಲ್ಲಿ ಸಿಕ್ಕು ಸಾಯುವುದನ್ನು ಯಾರೂ ನೋಡಬಾರದು. ಮಿಂಚುವ ರಿಬ್ಬನ್, ಬಲೆ, ಸದ್ದು ಮಾಡುವ ಡಬ್ಬ ಇವುಗಳನ್ನೇ ಬದಲಿಸಿ ಬದಲಿಸಿ ಬಳಸಬೇಕು. ಜೊತೆಗೆ ಬೆಳೆ ನಷ್ಟಕ್ಕೆ ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟು ವಿಚಾರಿಸಿ.

ಚಿತ್ರದುರ್ಗದಿಂದ ಬಂದಿದ್ದ ಹುಡುಗನ ಪ್ರಶ್ನೆ ನನಗೆ ಬಹಳ ಹಿಡಿಸಿತು. "ಸರ್, ನಮ್ಮೂರು ಎತ್ತರದಲ್ಲಿದೆ. ಅಲ್ಲಿ ವೇಗ ಬದಲಾಗುತ್ತಾ?" ಚಿತ್ರದುರ್ಗ ಸಮುದ್ರಮಟ್ಟದಿಂದ 700 ಮೀಟರ್‌ಗೂ ಮೇಲಿದೆ, ದಾವಣಗೆರೆ ಸುಮಾರು 600. ಸ್ಪ್ರಿಂಗ್ ಬಂದೂಕು ಹೊರಗಿನ ಗಾಳಿಯನ್ನೇ ಒಳಗೆ ತೆಗೆದುಕೊಳ್ಳುವುದರಿಂದ ಸಮುದ್ರಮಟ್ಟದ ಮಂಗಳೂರಿಗೂ ಇಲ್ಲಿಗೂ ಕೊಂಚ ವ್ಯತ್ಯಾಸ ಇರುತ್ತದೆ. ಪಿಸಿಪಿಯಲ್ಲಿ ಗಾಳಿ ತುಂಬಿಟ್ಟಿರುವುದರಿಂದ ಲೆಕ್ಕಕ್ಕೆ ಬಾರದಷ್ಟು. ದುರ್ಗ ಮತ್ತು ದಾವಣಗೆರೆ ನಡುವೆ ಏನೂ ಗೊತ್ತಾಗುವುದಿಲ್ಲ. ದುರ್ಗದವರಿಗೆ ನಿಜವಾಗಿ ಗೊತ್ತಾಗುವುದು ಜೋಗಿಮಟ್ಟಿ ಬೆಟ್ಟದ ಕಡೆಯ ಬೀಸುಗಾಳಿ. ಬಯಲಲ್ಲಿ ಅಭ್ಯಾಸ ಮಾಡಬೇಡ, ಗೋಡೆ ಇರುವ ಕೋಣೆ ಹುಡುಕಿಕೋ ಅಂದೆ.

ಕೊನೆಗೆ ಒಬ್ಬ ತಾಯಿ ಎದ್ದರು. ಮಗಳಿಗೆ ಹೊಸ ರೈಫಲ್ ಕೊಡಿಸುವಷ್ಟು ದುಡ್ಡಿಲ್ಲ, ಹಳೆಯದೊಂದು ಕಡಿಮೆಗೆ ಸಿಗುತ್ತಿದೆ, ಏನು ನೋಡಿ ತಗೊಳ್ಳಲಿ ಅಂತ. ಅಮ್ಮಾ, ಮೊದಲು ಸಿಲಿಂಡರ್ ಮೇಲೆ ಕೆತ್ತಿರುವ ತಾರೀಖು ನೋಡಿ. ತಯಾರಾಗಿ ಹತ್ತು ವರ್ಷ ದಾಟಿದ ಸಿಲಿಂಡರನ್ನು ಅಂತರರಾಷ್ಟ್ರೀಯ ಶೂಟಿಂಗ್ ನಿಯಮ ಒಪ್ಪುವುದಿಲ್ಲ. ಹೊಸ ಸಿಲಿಂಡರ್ ಬೆಲೆಯನ್ನು ಹೇಳಿದ ಬೆಲೆಗೆ ಸೇರಿಸಿ ಲೆಕ್ಕ ಹಾಕಿ. ಆಮೇಲೆ ಮಗಳ ಕೋಚನ್ನು ಕರೆದುಕೊಂಡು ಹೋಗಿ, ಕ್ರೋನೋಗ್ರಾಫ್ ಮುಂದೆ ಹತ್ತು ಗುಂಡು ಹೊಡೆಸಿ. ಅರ್ಧ ಗಂಟೆ ಬಿಟ್ಟು ಇನ್ನೂ ಹತ್ತು ಹೊಡೆಸಿ. ಎರಡೂ ಸಲದ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಬನ್ನಿ, ನಾವಿಬ್ಬರೂ ಕೂತು ನೋಡೋಣ. ಮಾರುವವರು ಹಾಗೆ ಹೊಡೆಸಲು ಒಪ್ಪದಿದ್ದರೆ ಆ ರೈಫಲ್ ಬಿಟ್ಟುಬಿಡಿ, ಇನ್ನೊಂದು ಸಿಗುತ್ತದೆ.